ಪಕ್ಕದಿಂದ ಒಂದು

ಆಸ್ಪತ್ರೆಯ ಬಿಲ್ಲಿಂಗ್ ಮ್ಯಾನೇಜರ್ ಎಕ್ಸ್‌ರೇ ಕೋಣೆಗೆ ಬಂದು ಬಿಲ್ಲಿನ ಕಾಗದ ಚಾಚಿ, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟ. ಅದರಲ್ಲಿ ಎದೆಯ ಎಕ್ಸ್‌ರೇಗೆ ಎರಡು ಚಿತ್ರದ ಲೆಕ್ಕ ಹಾಕಿತ್ತು: ಎದುರಿನಿಂದ ಒಂದು, ಪಕ್ಕದಿಂದ ಒಂದು.

"ನಾನು ತೆಗೆದಿದ್ದು ಎದುರಿಂದ ಒಂದೇ," ಅಂದಳು ಟೆಕ್ನಿಷಿಯನ್. "ಅಲ್ಲಿ ಕೂತಿರೋ ಅಜ್ಜ ಏಣಿಯಿಂದ ಬಿದ್ದು ಎರಡೂ ಭುಜ ಮುರ್ಕೊಂಡಿದ್ದಾರೆ. ಪಕ್ಕದಿಂದ ತೆಗೆಯೋಕೆ ಆಗ್ಲಿಲ್ಲ."

"ಯಾರು ನೋಡ್ತಾರೆ ಮೇಡಂ? ದುಡ್ಡು ಕೊಡೋದು ವಿಮೆಯವರು." ಅವನು ಹಲ್ಲು ಕಿರಿದ. "ನಿಮ್ಮ ಕಾಂಟ್ರಾಕ್ಟ್ ಕಾಗದಾನೂ ಮುಂದಿನ ತಿಂಗಳು ನನ್ನ ಟೇಬಲ್ಲಿಗೇ ಬರೋದು." ಹದಿನೆಂಟು ವರ್ಷ ಜನರ ಎದೆಯೊಳಗನ್ನು ನೋಡಿದವಳಿಗೆ, ಈ ಇಸ್ತ್ರಿ ಅಂಗಿಯೊಳಗೆ ಏನಿದೆ ಅಂತ ತಿಳಿಯಲು ಯಂತ್ರ ಬೇಕಿರಲಿಲ್ಲ.

"ಸರಿ ಸರ್. ಪಕ್ಕದಿಂದ ಹೇಗೆ ತೆಗೀತೀವಿ ಅಂತ ನೀವೂ ತಿಳ್ಕೊಂಡಿರಿ. ಈ ಹಲಗೆಗೆ ಪಕ್ಕೆ ತಾಗಿಸಿ ನಿಂತ್ಕೊಳ್ಳಿ. ಎರಡೂ ಕೈ ಮೇಲೆತ್ತಿ. ಇನ್ನೂ ಸ್ವಲ್ಪ. ಅಲ್ಲಾಡ್ಬೇಡಿ."

ಸಹಿ ಸಿಕ್ಕರೆ ಸಾಕೆಂದು ಮ್ಯಾನೇಜರ್ ಅವಳು ಹೇಳಿದ ಹಾಗೆ ನಿಂತ. ಅಂಗಿ ಪ್ಯಾಂಟಿನಿಂದ ಕಿತ್ತುಕೊಂಡು ಬಂದು ಹೊಟ್ಟೆ ಇಣುಕಿತು.

ಬಾಗಿಲ ಬಳಿ ವೀಲ್‌ಚೇರಿನಲ್ಲಿ ಅಜ್ಜ ಎರಡೂ ತೋಳು ಎದೆಗೆ ಕಟ್ಟಿಸಿಕೊಂಡು ಕೂತಿದ್ದ. ಅವಳು ಅವನ ಕಡೆ ತಿರುಗಿದಳು. "ಅಜ್ಜ, ನಿಮ್ಮನ್ನ ನಾನು ಹೀಗೆ ನಿಲ್ಲಿಸಿದ್ನಾ?"

ಅಜ್ಜ ಮ್ಯಾನೇಜರನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದ. "ಇಲ್ಲಮ್ಮ. ಹೀಗೆ ನಿಲ್ಲಿಸೋದು ಸಿಕ್ಕಿಬಿದ್ದ ಕಳ್ಳರನ್ನ ಅಲ್ವಾ?"

ಮ್ಯಾನೇಜರ್ ಕೈ ಇಳಿಸುವಷ್ಟರಲ್ಲಿ ಅವಳು ಕಾಗದದಲ್ಲಿ ಎರಡು ಅನ್ನುವುದನ್ನು ಹೊಡೆದುಹಾಕಿ, ಒಂದು ಅಂತ ಬರೆದು, ಕೆಳಗೆ ಸಹಿ ಹಾಕಿದ್ದಳು.