ಅಂಟು ಒಣಗುವವರೆಗೆ

ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದಾಗಲೇ ಅಕ್ಕನಿಗೆ ಗೊತ್ತಾಯಿತು, ಬಡಾವಣೆಯ ಪುಸ್ತಕ ಹಬ್ಬದ ರಿಪೇರಿ ಮಳಿಗೆಯಲ್ಲಿ ಬೆನ್ನು ತಿರುಗಿಸಿ ಕೂತವನು ತಮ್ಮನೇ ಎಂದು. ಚಿಕ್ಕಂದಿನಲ್ಲಿ ಅಪ್ಪನ ಬೈಂಡಿಂಗ್ ಅಂಗಡಿಯ ತುಂಬ ಇದೇ ವಾಸನೆ. ಆ ಅಂಗಡಿ ಮುಚ್ಚೋಣವೆಂದು ಅವಳು ಹೇಳಿದ ದಿನದಿಂದ ಇಬ್ಬರಿಗೂ ಮಾತಿಲ್ಲ.

ಆದರೆ ಹಬ್ಬದ ವೇದಿಕೆಯಲ್ಲಿ ಮಧ್ಯಾಹ್ನ ಅವಳು ಓದಬೇಕಿದ್ದ ದೇಶದ ಚರಿತ್ರೆ, ಅಪ್ಪನೇ ಹೊಲಿದ ಹಳೆಯ ಪ್ರತಿ, ಕೈಯಲ್ಲೇ ಬಿಚ್ಚಿಕೊಂಡಿತ್ತು. ಬೇರೆ ದಾರಿಯಿಲ್ಲದೆ ಅದನ್ನು ತಮ್ಮನ ಮೇಜಿನ ಮೇಲಿಟ್ಟಳು. ಅವನು ಅವಳ ಮುಖ ನೋಡಲಿಲ್ಲ. ಅಪ್ಪನ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಏನಕ್ಕಾ, ರಾಜರೆಲ್ಲ ಉದುರಿಹೋಗಿದಾರೆ!"

"ನೀನೇ ತಿರುಗಿ ಪಟ್ಟಕ್ಕೆ ಕೂರಿಸಪ್ಪ."

ಅವನು ಹಾಳೆಗಳನ್ನು ಜೋಡಿಸಿ, ಪುಸ್ತಕದ ಬೆನ್ನಿಗೆ ಅಂಟು ಸವರಿ, ಮೇಲೊಂದು ಕಲ್ಲು ಹೇರಿದ. ಅಕ್ಕ ಹೊರಡಲು ಎದ್ದಳು.

"ಎಲ್ಲಿಗೆ? ಕೂತ್ಕೋ, ಒಣಗಬೇಕು."

"ಎಷ್ಟು ಹೊತ್ತು ಬೇಕೋ?"

ತಮ್ಮನು ಚೀಲದಿಂದ ಬುತ್ತಿಯ ಕ್ಯಾರಿಯರ್ ತೆಗೆದ. ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದ: "ಒಂದು ಊಟದ ಹೊತ್ತು."

ಮೇಲಿನ ಡಬ್ಬಿಯನ್ನು ಅಕ್ಕನ ಕೈಗಿಟ್ಟ.