ಉದ್ದನೆಯ ಲೆನ್ಸ್

“ಕಂಡೋರ ಕಾರಿನ ಫೋಟೋ ಹೊಡಕೋಂತ ತಿರಗತಿ, ಹೆತ್ತಪ್ಪಂದು ಒಂದು ಫೋಟೋ ಇಲ್ಲೇನಲೇ ಹಲ್ಕಟ್?” ತೀರಿಹೋದ ಅಣ್ಣನ ದಿವಸಕ್ಕೆಂದು ದೇಶನೂರಿನಿಂದ ಬಂದಿದ್ದ ಮರಿಬಸಪ್ಪ ಕಾಕಾ ನೆಂಟರೆಲ್ಲರ ಎದುರಿಗೇ ಗಾದಿಲಿಂಗನ ಮೇಲೆ ಹರಿಹಾಯ್ದ.

ಗಾದಿಲಿಂಗನ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ರೇಸಿನ ಫೋಟೋ ತಂದು ಅವ್ವ ವೀರಭದ್ರಮ್ಮನ ಕೈಗಿಟ್ಟು, “ಇದರಾಗ ಅದಾನ” ಎಂದ. ಅದನ್ನು ಹಿಡಿದ ದಿನ ಊರಾಚೆಯ ವಿಮಾನದ ಮೈದಾನದಲ್ಲಿ ಕಾರ್ ರೇಸ್ ಇತ್ತು. ಅಪ್ಪ ಹೊಸ ಬಿಳಿ ರುಮಾಲು ಸುತ್ತಿಕೊಂಡು ಬಂದು, ಎದುರಿನ ಗುಂಪಿನಲ್ಲಿ ನಿಂತು, “ನಾನೂ ಬರೋಹಂಗ ಹಿಡಿಯಪಾ” ಎಂದು ಕೂಗಿದ್ದ. ಚಿಕ್ಕ ಲೆನ್ಸ್ ಹಾಕಿ ಕ್ಯಾಮೆರಾ ಅಲುಗಿಸದೆ ಹಿಡಿದಿದ್ದರೆ ಬರುತ್ತಿದ್ದ. ಆದರೆ ಮಗನಿಗೆ ಕಾರಿನ ವೇಗ ಬೇಕಿತ್ತು. ಉದ್ದನೆಯ ಲೆನ್ಸ್ ಹಾಕಿ, ಕಾರು ಓಡಿದ ಕಡೆಗೇ ಕ್ಯಾಮೆರಾ ತಿರುಗಿಸುತ್ತ ಗುಂಡಿ ಒತ್ತಿದ್ದ. ಕಾರಿನ ನಂಬರು ಕೆತ್ತಿಟ್ಟಂತೆ ಬಂದಿತ್ತು. ಹಿಂದಿದ್ದ ಜನವೆಲ್ಲ ಎಳೆದ ಗೆರೆಗಳಾಗಿದ್ದರು.

ಅವ್ವ ಫೋಟೋವನ್ನು ಸೆರಗಿನಿಂದ ಒರೆಸಿ ಕಣ್ಣಿನ ಹತ್ತಿರ ಹಿಡಿದಳು. “ನಿಮ್ಮಪ್ಪ ಎಲ್ಲಿ ಅದಾನಪಾ ಇದರಾಗ? ತೋರ್ಸು.”

ಗಾದಿಲಿಂಗನ ಬೆರಳು ಒಂದು ಬಿಳಿ ಗೆರೆಯ ಮೇಲೆ ನಿಂತಿತು. ಪಕ್ಕದ ಗೆರೆಗೆ ಸರಿಯಿತು, ಮತ್ತೆ ಹಿಂದಕ್ಕೆ ಬಂತು. ಅಂದು ಬಂದವರಲ್ಲಿ ಅರ್ಧ ಜನ ಬಿಳಿ ರುಮಾಲಿನವರೇ.

“ಹೇಳಲೇ, ಯಾವನು ನಮ್ಮಣ್ಣ?” ಎಂದ ಕಾಕಾ. ಅವ್ವ ಅಪ್ಪನ ಫೋಟೋಕ್ಕೆಂದು ತಂದಿದ್ದ ಹೂವಿನ ಹಾರ ಹಿಡಿದು ಮಗನ ಬೆರಳನ್ನೇ ನೋಡುತ್ತಿದ್ದಳು. ಅವನು ಕೈ ಹಿಂದಕ್ಕೆಳೆದುಕೊಂಡು, ಅಂಗಳ ದಾಟಿ ನಡೆದುಬಿಟ್ಟ.