ಹೆಣ ಬೀಳುವ ಮೊದಲು

ಸಂಪಾದಕರು ಮೊದಲ ಅಧ್ಯಾಯವನ್ನು ಎತ್ತಿ ಹಸ್ತಪ್ರತಿಯ ತಳಕ್ಕೆ ಸೇರಿಸಿದರು. "ಈಗ ಸರಿಹೋಯ್ತು ನೋಡಿ ಮೇಡಂ. ಹೆಂಡತಿಯ ಮಾತ್ರೆ ಬದಲಾಯಿಸ್ತಿರೋನು ಗಂಡನೇ ಅಂತ ಶುರುವಿನಲ್ಲೇ ಹೇಳಿಬಿಟ್ರೆ ಓದೋರಿಗೆ ಇನ್ನೇನು ಉಳೀತು? ಕೊನೇವರೆಗೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ನಡೆಸಬೇಕು."

ಲೇಖಕಿಗೆ ಇದು ಮೊದಲ ಕಾದಂಬರಿ. ಒಲೆಯ ಮೇಲೊಂದು ಕಣ್ಣು, ಹಾಳೆಯ ಮೇಲೊಂದು ಕಣ್ಣು ಇಟ್ಟು ಬರೆದದ್ದು. ಅವಳು ಆ ಅಧ್ಯಾಯವನ್ನು ತಳದಿಂದ ಎಳೆದು ಮತ್ತೆ ಮೇಲಿಟ್ಟಳು.

"ಉಳಿಯೋದು ಆ ಹೆಂಡತಿ, ಸರ್."

"ಪತ್ತೇದಾರಿಗೆ ಗುಟ್ಟೇ ಉಸಿರು ಕಣ್ರೀ."

"ಇದು ಪತ್ತೇದಾರಿ ಅಲ್ಲ, ಥ್ರಿಲ್ಲರ್. ಪತ್ತೇದಾರಿಯಲ್ಲಿ ಹೆಣ ಬಿದ್ದ ಮೇಲೆ ಹುಡುಕಾಟ ಶುರು. ಇದರಲ್ಲಿ ಅವಳಿನ್ನೂ ಬದುಕಿದ್ದಾಳೆ. ಉಳ್ಕೋತಾಳಾ ಅನ್ನೋದೇ ಕಥೆ."

"ಹಾಗಾದ್ರೆ ಹೆದರಿಕೆಗೆ ಒಂದು ದೆವ್ವನಾದ್ರೂ ಸೇರಿಸಿ."

"ದೆವ್ವ ಬೆಳಗಾದ್ರೆ ಹೋಗುತ್ತೆ. ಇವನು ಬೆಳಗಾದ್ರೆ ಕಾಫಿ ಕೇಳ್ತಾನೆ."

ಸಂಪಾದಕರು ನಕ್ಕರು, ಆದರೆ ಬಗ್ಗಲಿಲ್ಲ. "ಆ ಅಧ್ಯಾಯ ಕೊನೆಗೆ ಹೋದ್ರೆ ಅಚ್ಚು ಹಾಕ್ತೀನಿ. ಇಲ್ಲದಿದ್ರೆ ಕಷ್ಟ."

ಅವಳು ಹಾಳೆಗಳನ್ನು ಒಟ್ಟುಮಾಡಿ ದಾರ ಸುತ್ತತೊಡಗಿದಳು. ತನ್ನ ಅಕ್ಕ ತೀರಿಕೊಂಡ ದಿನ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಕೈ ಹಿಡಿದು ಪಿಸುಗುಟ್ಟಿದ್ದರು: ನಮಗೆ ಮೊದಲೇ ಗೊತ್ತಿತ್ತು. ಭಾವ ಎಂಥವನೆಂಬುದು ಅಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ, ತವರಿಗೂ. ಈಗ ಅದನ್ನೇ ಗುಟ್ಟು ಮಾಡಿ ಬರೆದರೆ ಸುಳ್ಳು ಬರೆದಂತೆ. ಇಲ್ಲಿ ಅಚ್ಚಾಗದಿದ್ದರೆ ಬೇಡ, ಇನ್ನೊಂದು ಬಾಗಿಲು ತಟ್ಟಿದರಾಯಿತು.

ಪಕ್ಕದ ಮೇಜಿನಲ್ಲಿ ಕರಡು ತಿದ್ದುವ ಹೆಂಗಸು ಅದೇ ಕಾದಂಬರಿಯ ಇನ್ನೊಂದು ಪ್ರತಿಯನ್ನು ಮೊದಲಿನಿಂದ ಓದುತ್ತಿದ್ದಳು. ಸಂಪಾದಕರು ಅವಳು ಮುಗಿಸಿದ್ದ ಹಾಳೆಗಳನ್ನು ತಿರುವಿದರು. "ಏನ್ರೀ ಇದು, ಒಂದೂ ಗುರುತಿಲ್ಲ? ಸಾಲಿಗೊಂದು ತಪ್ಪಿದೆ, ಕಣ್ಣಿಗೇ ಬೀಳಲಿಲ್ವಾ?"

"ಅದೆಲ್ಲ ಆಮೇಲೆ ನೋಡ್ತೀನಿ, ಸರ್." ಅವಳ ಕೆಂಪು ಪೆನ್ನಿನ ಮುಚ್ಚಳ ತೆಗೆದೇ ಇರಲಿಲ್ಲ. ಲೇಖಕಿಯ ಕಡೆ ತಿರುಗಿದಳು. "ಅಕ್ಕಾ, ಈಗ ಮಾತ್ರೆ ಅಂಗೈಲಿ ಇಟ್ಕೊಂಡು ನೀರಿನ ಲೋಟ ಹುಡುಕ್ತಿದ್ದಾಳೆ. ಯಾರಾದ್ರೂ ಹೇಳಬಾರದಾ ಅವಳಿಗೆ?"

ಗಂಟು ಬೀಳುವ ಮೊದಲೇ ಸಂಪಾದಕರ ಬೆರಳು ದಾರದ ಮೇಲೆ ಬಂದು ಅದನ್ನು ತಡೆಯಿತು. ಲೇಖಕಿ ಅದನ್ನು ನೋಡಲಿಲ್ಲ.

"ಹೇಳಬೇಕು," ಎಂದಳು. "ಅದಕ್ಕೇ ನಿಮಗೆ ಮೊದಲನೇ ಪುಟದಲ್ಲೇ ಹೇಳಿಬಿಟ್ಟೆ."